ಹತ್ತಕ್ಕೆ ಹತ್ತು

ಕೂಡ್ಲೂರಿನ ಕಾಫಿ ಕ್ಯೂರಿಂಗ್ ಶೆಡ್ಡಿನಲ್ಲಿ
ಹದಿನಾಲ್ಕು ವರ್ಷದಿಂದ ನನ್ನ ಕೆಲಸ ಬೇರ್ಪಡಿಸುವುದು.
ಕಪ್ಪು ಬೀಜ ಆಚೆ, ಒಡಕು ಆಚೆ, ಹುಳ ಕೊರೆದದ್ದು ಆಚೆ.
ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.
ಹೊಂದಿಸುವ ಕೆಲಸವೂ ಒಂದಿದೆ ಎಂದು
ತಿಳಿದದ್ದು ಫೌಸಿಯಾ ಬಂದ ದಿನ.

ಊಟದ ಬೆಲ್ಲಿಗೆ ಇನ್ನೂ ಐದು ನಿಮಿಷ.
ಹತ್ತಿ ಸುತ್ತಿದ ಕಡ್ಡಿಯಲ್ಲಿ ಕೆನ್ನೆಯ ಒಳಗೋಡೆ ಉಜ್ಜಿದಳು,
ಎಡಕ್ಕೆ ಇಷ್ಟು, ಬಲಕ್ಕೆ ಇಷ್ಟು.
ಫಾರಮ್ಮಿನಲ್ಲಿ ತಂದೆಯ ಹೆಸರು ಎಂಬಲ್ಲಿ
ಅಭ್ಯಾಸದ ಗೆರೆ ಎಳೆದೆ.
ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಎಳೆದ ಗೆರೆಯೇ ಅದು,
ರೇಷನ್ ಕಾರ್ಡಿನವರೆಗೂ ಉದ್ದವಾಗಿ ಬಂದಿದೆ.

ಶೆಡ್ಡಿನ ಹೆಂಗಸರು ನನ್ನನ್ನು ಪೀಬಿ ಅನ್ನುತ್ತಾರೆ.
ಎರಡಿರಬೇಕಾದ ಹಣ್ಣಿನೊಳಗೆ ಒಂದೇ ಬೀಜ,
ಒರಗಲು ಪಕ್ಕದಲ್ಲಿ ಯಾರೂ ಇಲ್ಲದೆ
ದುಂಡಗೆ ಬೆಳೆದುಬಿಟ್ಟದ್ದು.
ಬೈಗುಳವಲ್ಲ ಬಿಡಿ, ಪೀಬಿಗೆ ರೇಟು ಜಾಸ್ತಿ.

ಎರಡು ಮಳೆಗಾಲ ಕಳೆದ ಮೇಲೆ ಫೋನು.
"ಸುಗುಣಕ್ಕ, ಕೂತಿದ್ದೀಯಾ? ಹತ್ತಕ್ಕೆ ಹತ್ತು!"
ಸುಂಟಿಕೊಪ್ಪದ ಶಾಲೆಯಲ್ಲಿ
ಉಕ್ತಲೇಖನಕ್ಕೂ ನನಗೆ ಬರದ ಅಂಕ ಅದು.

ಬಿಡಿಸಿ ಹೇಳಿದಳು.
ಮೈಯ ಕಣಕಣಕ್ಕೂ ಗುರುತು ಇರುತ್ತದಂತೆ,
ನಮ್ಮವರು ಯಾರು, ಹೊರಗಿನವರು ಯಾರು ಎಂದು
ಕಾವಲಿನ ರಕ್ತ ನೋಡಿ ಬಿಡಲಿಕ್ಕೆ.
ಐದು ಜಾಗ, ಜಾಗಕ್ಕೆ ಎರಡು:
ಒಂದು ಅಮ್ಮ ಕೊಟ್ಟದ್ದು, ಒಂದು ಅಪ್ಪ.
ಒಡಹುಟ್ಟಿದವರಿಗೇ ನಾಲ್ಕರಲ್ಲಿ ಒಂದು ಪಾಲು ಆಸೆ.
ಆ ರೋಗಿಯ ಮನೆಯಲ್ಲಿ ಯಾರೂ ಕೂಡಲಿಲ್ಲ.

ಕೇಳಿ ಇಸಕೊಂಡೆ ಆ ಕಾಗದ.
ಹತ್ತು ಸಂಖ್ಯೆ. ಇದರಲ್ಲಿ ಐದು ಅವನವು.
ಸಿದ್ದಾಪುರದ ಲೈನುಮನೆಯಲ್ಲಿ ಅಮ್ಮ
ಸಾಯುವ ತನಕ ಹಲ್ಲು ಕಚ್ಚಿ ಹಿಡಿದ ಹೆಸರು
ಇಲ್ಲಿ ಅಂಕಿಯಾಗಿ ಕೂತಿದೆ.
ಯಾವ ಐದು?
"ಇದರಲ್ಲಿ ಗೊತ್ತಾಗಲ್ಲ ಅಕ್ಕ, ಎರಡೂ ಕಲೆತೇ ಬರೋದು."

ಹದಿನಾಲ್ಕು ವರ್ಷ ಬೀಜ ಆರಿಸಿದವಳು
ಕಾಗದದ ಮೇಲೆ ಬೆರಳಿಟ್ಟುಕೊಂಡು ಕೂತೆ.

ಐದು ದಿನ ಸೂಜಿ.
ಸೊಂಟದ ಮೂಳೆಯೊಳಗೆ ಯಾರೋ ಮೂಟೆ ಒಟ್ಟುತ್ತಿದ್ದ ನೋವು.
ಮೇಸ್ತ್ರಿ ಪೊನ್ನಪ್ಪ ಕೇಳಿದ, ಎಷ್ಟು ಕೊಡ್ತಾರೆ?
ಏನಿಲ್ಲ.
ನಿಂಗೆ ಹುಚ್ಚು, ಅಂದ.
ಆಮೇಲೆ ತಾನೇ ಸ್ಕೂಟರಿನಲ್ಲಿ
ಕುಶಾಲನಗರದ ಬಸ್‌ಸ್ಟ್ಯಾಂಡಿಗೆ ಬಿಟ್ಟ,
ಹೊಂಡ ಬಂದಲ್ಲೆಲ್ಲ ನಿಧಾನ ಮಾಡುತ್ತ.

ಮೈಸೂರಿನಲ್ಲಿ ಒಂದು ಕೈಯಿಂದ ಹೊರಟ ರಕ್ತ
ಯಂತ್ರ ಹೊಕ್ಕು ಇನ್ನೊಂದು ಕೈಗೆ ಮರಳುತ್ತಿತ್ತು.
ನಮ್ಮ ಗ್ರೇಡರಿನ ಸದ್ದೇ, ಕೊಂಚ ಮೆತ್ತಗೆ:
ಬೇಕಾದ್ದು ಆರಿಸಿ ಉಳಿದದ್ದು ವಾಪಸ್.
ನಾಲ್ಕು ಗಂಟೆಗೆ ಚೀಲದಲ್ಲಿ ಕೂಡಿದ್ದು
ಟೊಮೆಟೊ ಸಾರಿನ ಬಣ್ಣದ್ದು, ಒಂದು ಲೋಟ.
ಡಬ್ಬಿಯಲ್ಲಿಟ್ಟುಕೊಂಡು ಒಬ್ಬ ಹುಡುಗ ಓಡಿದ.
ಎಲ್ಲಿಗೆಂದು ಹೇಳುವ ಹಾಗಿಲ್ಲವಂತೆ.

ಹೇಳಿದ್ದು ಇಷ್ಟು: ಗಂಡಸು, ಅರವತ್ತರ ಹತ್ತಿರ.

ಆ ರಾತ್ರಿ ಹಿಂದಿರುಗುವ ಬಸ್ಸಿನಿಂದ ಫೌಸಿಯಾಗೆ ಫೋನು ಮಾಡಿದೆ.
ಏನೂ ಕೇಳದೆ ಒಂದಷ್ಟು ಹೊತ್ತು ಸುಮ್ಮನಿದ್ದೆ.
ಅವಳಿಗೆ ಅರ್ಥವಾಯಿತು. ಮೆಲ್ಲಗೆ ಹೇಳಿದಳು:
"ಅಪ್ಪ ಆದ್ರೆ ಅಷ್ಟೊಂದು ಕೂಡಲ್ಲ ಅಕ್ಕ,
ಸಾಮಾನ್ಯವಾಗಿ ಅರ್ಧಾನೇ."

ಪೂರ್ತಿ ಕೂಡಿದವನು ಹಾಗಾದರೆ ಯಾರೋ.
ಅರ್ಧ ಕೊಟ್ಟವನೂ ಯಾರೋ.
ಹುಣಸೂರು ದಾಟುವಾಗ ಕಿಟಕಿಗೆ ತಲೆಯೊರಗಿಸಿ
ಸ್ವಲ್ಪ ಅತ್ತೆ, ಪಕ್ಕದವಳು ಕಿತ್ತಳೆ ಸುಲಿದು ಕೊಟ್ಟಳು.

ಅವರ ರಕ್ತದ ಗುಂಪೂ ಇನ್ನು ನನ್ನದೇ ಆಗುತ್ತದಂತೆ.
ಬದುಕಿಕೊಂಡರೆ, ಮುಂದೆ ಯಾವಾಗಲೋ
ಯಾವುದೋ ಊರಿನ ಯಾವುದೋ ಫಾರಂ ತುಂಬುವಾಗ
ಅರವತ್ತು ವರ್ಷ ಬರೆದ ಅಕ್ಷರದ ಮೇಲೆ ಗೆರೆ ಎಳೆದು
ಪಕ್ಕದಲ್ಲಿ ಬರೆದಾರು:
ಬಿ ಪಾಸಿಟಿವ್.

ಬೆಳಿಗ್ಗೆ ಎಂಟಕ್ಕೆ ಮೇಜಿನ ಮುಂದೆ ನಾನು.
ಈ ಸಲದ ಲಾಟಿನಲ್ಲಿ ಒಡಕು ಜಾಸ್ತಿ.